ಏಳನೇ ನಮೂನೆಯ ಒಳಗೂ ಹೊರಗೂ: 1974ರ ಭೂಸುಧಾರಣೆ ಮತ್ತು ಗ್ರಾಮೀಣ ಅಸಮಾನತೆ

ಬಡತನ ನಿವಾರಣೆಯ ನೀತಿಗಳನ್ನು ನಾವು ಹೆಚ್ಚಾಗಿ ಸಹಾಯಧನ, ಪಡಿತರ, ತೆರಿಗೆಗಳ ಲೆಕ್ಕದಲ್ಲಿ ಅಳೆಯುತ್ತೇವೆ. ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ ಆದಾಯದ ಬೇರಾದ ಒಡೆತನಕ್ಕೇ ಕೈಹಾಕಿತು. ಅದು ಯಾರನ್ನು ತಲುಪಿತು, ಯಾರನ್ನು ತಲುಪಲಿಲ್ಲ ಎಂಬುದಕ್ಕೆ ಅದರ ಅರ್ಜಿ ನಮೂನೆಯೇ ಸಾಕ್ಷಿ ಎಂಬುದು ಈ ಲೇಖನದ ವಾದ.

1. ಹಿನ್ನೆಲೆ

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದರು. ಕಣದಲ್ಲಿ ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಕೇಂದ್ರ. ಒಡೆಯನ ಕೊಳಗ ದೊಡ್ಡದಾದಷ್ಟೂ ಉತ್ತವನ ಪಾಲು ಕರಗುತ್ತಿತ್ತು. 1961ರ ಭೂಸುಧಾರಣಾ ಕಾಯ್ದೆ ಗೇಣಿಗೆ ಮಿತಿ ಹಾಕಿತಾದರೂ, ಸ್ವಂತ ಸಾಗುವಳಿಯ ಹೆಸರಿನಲ್ಲಿ ಜಮೀನು ಬಿಡಿಸಿಕೊಳ್ಳುವ ದಾರಿಯನ್ನು ಒಡೆಯರಿಗೆ ಉಳಿಸಿತ್ತು.

2. ಕಾರ್ಯವಿಧಾನ

ತಿದ್ದುಪಡಿಯಂತೆ 1974ರ ಮಾರ್ಚ್ 1ರಂದು ಗೇಣಿ ಜಮೀನೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಗೇಣಿದಾರ ಏಳನೇ ನಮೂನೆ ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಿತ್ತು. ಉಪವಿಭಾಗಾಧಿಕಾರಿ ಅಧ್ಯಕ್ಷರು, ನಾಲ್ವರು ನಾಮನಿರ್ದೇಶಿತ ಸದಸ್ಯರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿರಲಿಲ್ಲ, ಆ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 1987ರಲ್ಲಿ ರದ್ದುಪಡಿಸಿತು. ಫೀಸು ಕೊಡಲಾಗದ ರೈತ ಮೊದಲ ವರ್ಷಗಳಲ್ಲಿ ಒಡೆಯನೆದುರು ಸರಿಸಮನಾಗಿ ನಿಂತು ಮಾತಾಡಿದ್ದು ವಕೀಲರಿಲ್ಲದ ಈ ಏರ್ಪಾಡಿನಿಂದ. ಬಂದ ಸುಮಾರು 8 ಲಕ್ಷ ಅರ್ಜಿಗಳಲ್ಲಿ ಅರ್ಧಕ್ಕೂ ಹೆಚ್ಚು ಗೇಣಿದಾರರ ಪರವಾಗಿ ತೀರ್ಮಾನವಾದವು. ಒಡೆಯನ ಇಚ್ಛೆಯಿರುವವರೆಗಷ್ಟೇ ನಡೆಯುವ ಚಾಲಗೇಣಿಯೇ ಬದುಕಾಗಿದ್ದ ದಕ್ಷಿಣ ಕನ್ನಡದಲ್ಲೂ ಉತ್ತರ ಕನ್ನಡ, ಶಿವಮೊಗ್ಗಗಳಲ್ಲೂ ಇದರ ಫಲ ಎದ್ದು ಕಂಡಿತು.

3. ಮಿತಿಗಳು

ಏಳನೇ ನಮೂನೆ ಕೇಳಿದ್ದು ಒಂದೇ ಪ್ರಶ್ನೆ: ನೀನು ಗೇಣಿದಾರನೇ? ದಿನಗೂಲಿಯವರ ಬಳಿ ಅದಕ್ಕೆ ಉತ್ತರವಿರಲಿಲ್ಲ. ಗೇಣಿ ಪದ್ಧತಿ ವಿರಳವಾಗಿದ್ದ ಬಯಲುಸೀಮೆಯ ಒಣಭೂಮಿಯಲ್ಲಿ ದುಡಿಯುತ್ತಿದ್ದ ಭೂಹೀನರಿಗೆ ದಕ್ಕಬೇಕಾದದ್ದು ಭೂ ಒಡೆತನದ ಗರಿಷ್ಠ ಮಿತಿಯಿಂದ ಸಿಗುವ ಹೆಚ್ಚುವರಿ ಜಮೀನು. ಆದರೆ ಒಂದು ಕುಟುಂಬ 54 ಎಕರೆ ಖುಷ್ಕಿಯವರೆಗೂ ಇಟ್ಟುಕೊಳ್ಳಬಹುದಾಗಿದ್ದರಿಂದ ಹಂಚಲು ಉಳಿದದ್ದು ಸ್ವಲ್ಪವೇ. ಕೃಷಿ ಕಾರ್ಮಿಕರಿಗೆ ತಾವು ವಾಸವಿದ್ದ ಮನೆಯ ನಿವೇಶನದ ಹಕ್ಕನ್ನು ಕಾಯ್ದೆ ಕೊಟ್ಟಿತು. ಅದು ನೆರಳಾಯಿತು, ಅನ್ನವಾಗಲಿಲ್ಲ. ನಾಟಿ ಮಾಡಿದ ಕೈ ಹೆಂಗಸರದು, ಪಹಣಿ ಏರಿದ ಹೆಸರು ಬಹುಪಾಲು ಗಂಡಸರದು.

4. ಸಮಾರೋಪ

ಈ ಅನುಭವದಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಒಡೆತನ ಬದಲಾದಲ್ಲಿ ಬಂದ ಸಮಾನತೆ ಮುಂದಿನ ತಲೆಮಾರಿಗೂ ಉಳಿಯುತ್ತದೆ. ಗೇಣಿದಾರರ ಮಕ್ಕಳು ಮತ್ತೆ ಯಾರ ಕೊಳಗಕ್ಕೂ ಕಾಯಬೇಕಾಗಲಿಲ್ಲ. ಆದರೆ ದಾಖಲೆಯಲ್ಲಿ ಗುರುತು ಇಲ್ಲದವರನ್ನು ಅರ್ಜಿಯನ್ನು ನೆಚ್ಚಿದ ನೀತಿ ಮುಟ್ಟಲಾರದು. ಆದ್ದರಿಂದ ಯಾವುದೇ ಯೋಜನೆಯ ನಮೂನೆ ಅಚ್ಚಾಗುವ ಮೊದಲೇ, ಅದನ್ನು ತುಂಬಲಾಗದವರು ಯಾರೆಂದು ಊರೂರಿನಲ್ಲಿ ವಿಚಾರಿಸುವುದು ಸರ್ಕಾರದ ಮೊದಲ ಕೆಲಸವಾಗಬೇಕು.