ಹಣ ಮೊದಲು, ರಸೀದಿ ಆಮೇಲೆ

1971ರ ಮೇ 24. ದೆಹಲಿಯ ಪಾರ್ಲಿಮೆಂಟ್ ಸ್ಟ್ರೀಟ್‌ನ ಸ್ಟೇಟ್ ಬ್ಯಾಂಕಿನಲ್ಲಿ ಮುಖ್ಯ ಕ್ಯಾಷಿಯರ್ ವೇದ್ ಪ್ರಕಾಶ್ ಮಲ್ಹೋತ್ರಾ ಅವರಿಗೆ ಒಂದು ಫೋನ್ ಬಂತು. ಮಾತಾಡಿದವರು ತಾವು ಪ್ರಧಾನಿಯ ಕಾರ್ಯದರ್ಶಿ ಪಿ.ಎನ್. ಹಕ್ಸರ್ ಎಂದರು. ಆಮೇಲೆ ಕೇಳಿಸಿದ್ದು ಇಂದಿರಾ ಗಾಂಧಿಯವರದೇ ಎನ್ನಿಸುವ ದನಿ. ಬಾಂಗ್ಲಾದೇಶದ ಗುಟ್ಟಿನ ಕೆಲಸವೊಂದಕ್ಕೆ ಕೂಡಲೇ 60 ಲಕ್ಷ ರೂಪಾಯಿ ಬೇಕು. 'ಬಾಂಗ್ಲಾದೇಶ್ ಕಾ ಬಾಬು' ಎಂದು ಗುರುತು ಹೇಳುವವರ ಕೈಗೆ ಕೊಟ್ಟು, ಪ್ರಧಾನಿಯ ನಿವಾಸಕ್ಕೆ ಬಂದು ರಸೀದಿ ಪಡೆಯಬೇಕು ಎಂದಿತು ಆ ದನಿ.

ಮಲ್ಹೋತ್ರಾ ನಂಬಿದರು. ಪೂರ್ವ ಪಾಕಿಸ್ತಾನದಿಂದ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬರುತ್ತಿದ್ದ ಆ ದಿನಗಳಲ್ಲಿ, ಸರ್ಕಾರಕ್ಕೆ ಗುಟ್ಟಿನ ಕೆಲಸವಿರುವುದು ಸಹಜವೇ ಎನಿಸುತ್ತಿತ್ತು. ಹಣವನ್ನು ಬ್ಯಾಂಕಿನ ಕಾರಿನಲ್ಲಿ ಒಯ್ದು ಒಪ್ಪಿಸಿದರು. ರಸೀದಿಗಾಗಿ ಹೋಗಿ ನಿಜವಾದ ಹಕ್ಸರ್ ಅವರನ್ನು ಕಂಡಾಗಲೇ ತಿಳಿದದ್ದು: ಅವರು ಫೋನ್ ಮಾಡಿಯೇ ಇರಲಿಲ್ಲ.

ಹಣ ಪಡೆದ ಮಾಜಿ ಸೇನಾಧಿಕಾರಿ ರುಸ್ತುಂ ಸೊಹ್ರಾಬ್ ನಗರ್‌ವಾಲಾ ಅಂದೇ ಸಿಕ್ಕಿಬಿದ್ದ. ಹೆಚ್ಚುಕಮ್ಮಿ ಎಲ್ಲ ಹಣವೂ ವಾಪಸು ಬಂತು. ಪ್ರಧಾನಿಯ ದನಿಯನ್ನು ಅನುಕರಿಸಿದ್ದು ತಾನೇ ಎಂದು ಒಪ್ಪಿಕೊಂಡ; ಮೇ 27ಕ್ಕೆ ನಾಲ್ಕು ವರ್ಷದ ಶಿಕ್ಷೆಯಾಯಿತು. ಮರುವರ್ಷ ಮಾರ್ಚ್‌ನಲ್ಲಿ ಬಂಧನದಲ್ಲಿದ್ದಾಗಲೇ ತೀರಿಕೊಂಡ. ಅನುಮಾನಗಳು ಮಾತ್ರ ತೀರಲಿಲ್ಲ. 1977ರಲ್ಲಿ ಜನತಾ ಸರ್ಕಾರ ನ್ಯಾಯಮೂರ್ತಿ ಪಿ. ಜಗನ್ಮೋಹನ ರೆಡ್ಡಿ ಆಯೋಗವನ್ನು ನೇಮಿಸಿತು.

ರಾಜಕೀಯದ ಪ್ರಶ್ನೆಗಳನ್ನು ಬದಿಗಿಟ್ಟು ಆ ಕರೆಯನ್ನಷ್ಟೇ ನೋಡಿ. ಎದುರು ಮಾತಾಡಲಾಗದಷ್ಟು ದೊಡ್ಡ ಹೆಸರು, ಬೇರೆಯವರನ್ನು ಕೇಳಲು ಬಿಡದ ಗುಟ್ಟು, ಯೋಚಿಸಲು ಬಿಡದ ಅವಸರ. ಪರಿಶೀಲನೆಗೂ ಜಾಗವಿತ್ತು, ಆದರೆ ಹಣ ಕೈಬಿಟ್ಟ ಮೇಲೆ.

ಈ ಕ್ರಮವನ್ನು ತಿರುಗಿಸಲು ನಮ್ಮ ಬ್ಯಾಂಕುಗಳು ಮಾಡಿದ ಕೆಲಸ ಸಣ್ಣದಲ್ಲ. ಕಾರ್ಡಿನ ಮೇಲೆ ಅಚ್ಚಾಗಿರುವ ವಿವರವೊಂದರಿಂದಲೇ ಆನ್‌ಲೈನ್ ಪಾವತಿ ಆಗಬಾರದು, ಇನ್ನೊಂದು ದೃಢೀಕರಣ ಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2009ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಇಂದಿನ ಒಟಿಪಿ ಮಾಡುವುದು ಅದನ್ನೇ: ಹಣ ಹೋಗುವ ಮೊದಲು ಖಾತೆದಾರರನ್ನು ಕೇಳುತ್ತದೆ. ಹಾಗಾಗಿ ಕಾರ್ಡಿನ ವಿವರ ಕದ್ದವನೂ ಈಗ ನಮಗೇ ಫೋನ್ ಮಾಡಬೇಕು. ಬ್ಯಾಂಕಿನವನೆಂದು ಹೇಳಿ ಒಟಿಪಿ ಕೇಳುತ್ತಾನೆ. ಪೊಲೀಸ್ ಸಮವಸ್ತ್ರದಲ್ಲಿ ವಿಡಿಯೊ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುತ್ತಾನೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ತಂತ್ರಜ್ಞಾನವನ್ನೆಲ್ಲ ವಿವರಿಸಬೇಕಿಲ್ಲ, ಇಷ್ಟು ಹೇಳಿದರೆ ಸಾಕು: ಯಾರಿಗೂ ಹೇಳಬೇಡಿ ಎಂದ ಕೂಡಲೇ ಫೋನ್ ಇಡಿ. ಕಾರ್ಡಿನ ಹಿಂದೆ ಇರುವ ನಂಬರಿಗೆ ನೀವೇ ಫೋನ್ ಮಾಡಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರದೆ ಕೂಡಲೇ 1930ಕ್ಕೆ ಕರೆ ಮಾಡಿ. ನಗರ್‌ವಾಲಾ ಕೈಯಿಂದ ಹಣ ವಾಪಸಾದದ್ದು ದೂರು ಅಂದೇ ಹೋದದ್ದರಿಂದ.