ಕಡಲಡಿಯ ಕತ್ತಲೂ ಕ್ಯಾಮೆರಾವೂ

ಕ್ರಿಸ್‌ಮಸ್ ರಜೆಗೆ ಊರಿಗೆ ಹೋಗಿಬಂದ ಕ್ಲಾಂಡಾಲ್ಕಿನ್‌ನ ನಮ್ಮ ಕುಟುಂಬಗಳ ಮೊಬೈಲುಗಳಲ್ಲಿ ಈಗೀಗ ಮುರುಡೇಶ್ವರದ ಶಿವನ ಜೊತೆಗೆ ನೇತ್ರಾಣಿ ದ್ವೀಪದ ಮೀನುಗಳೂ ಕಾಣಸಿಗುತ್ತವೆ. ಹೆಚ್ಚಿನವು ಒಂದೇ ಬಗೆಯ ಚಿತ್ರಗಳು: ಹಸಿರು ಮಬ್ಬು, ನಡುವೆ ಬೂದುಬಣ್ಣದ ಮೀನು. ‘ಕಣ್ಣಿಗೆ ಚೆನ್ನಾಗಿಯೇ ಕಂಡಿತ್ತಲ್ಲ!’ ಎಂದು ಎಲ್ಲರಿಗೂ ನಿರಾಶೆ. ಈ ನಿರಾಶೆ ಬಹಳ ಹಳೆಯದು.

1856ರಲ್ಲಿ ಇಂಗ್ಲೆಂಡಿನ ವೇಮೌತ್ ಕೊಲ್ಲಿಯಲ್ಲಿ ವಿಲಿಯಂ ಥಾಂಪ್ಸನ್ ಕ್ಯಾಮೆರಾವನ್ನು ಪೆಟ್ಟಿಗೆಯಲ್ಲಿಟ್ಟು ದೋಣಿಯಿಂದ ನೀರಿಗಿಳಿಸಿದರು. ಪೆಟ್ಟಿಗೆಯೊಳಗೆ ನೀರು ನುಗ್ಗಿತು. ಆದರೂ ಮಸುಕಾದೊಂದು ಚಿತ್ರ ಉಳಿಯಿತು. 1893ರಲ್ಲಿ ಫ್ರಾನ್ಸಿನ ಬಾನ್ಯುಲ್ಸ್‌ನಲ್ಲಿ ಜೀವವಿಜ್ಞಾನಿ ಲೂಯಿ ಬುತಾನ್ ಮುಳುಗುಡುಪು ತೊಟ್ಟು ಕ್ಯಾಮೆರಾದೊಡನೆ ತಾವೇ ಕೆಳಗಿಳಿದರು. ಒಂದು ಚಿತ್ರಕ್ಕೆ ಅರ್ಧ ಗಂಟೆಯವರೆಗೂ ಕಾಯಬೇಕಾಗುತ್ತಿತ್ತು. ಸೂರ್ಯನನ್ನು ನಂಬಿ ಫಲವಿಲ್ಲವೆಂದು ಅರಿತ ಅವರು, ಆಮ್ಲಜನಕ ತುಂಬಿದ ಪೀಪಾಯಿಯ ಮೇಲೆ ದೀಪವನ್ನಿರಿಸಿ, ಅದರ ಜ್ವಾಲೆಗೆ ಮೆಗ್ನೀಷಿಯಂ ಪುಡಿಯನ್ನು ಊದಿ ಬೆಳಕು ಮಾಡಿದರು. 1926ರಲ್ಲಿ ಫ್ಲಾರಿಡಾದ ಕಡಲಿನಲ್ಲಿ ಲಾಂಗ್ಲಿ ಮತ್ತು ಚಾರ್ಲ್ಸ್ ಮಾರ್ಟಿನ್ ತೆಗೆದ ಮೊದಲ ವರ್ಣಚಿತ್ರಗಳಿಗೂ ತೆಪ್ಪದ ಮೇಲೆ ಸಿಡಿಸಿದ ಮೆಗ್ನೀಷಿಯಮ್ಮೇ ಬೆಳಕು.

ವೈದ್ಯರಾದ ನಮಗೆ ಇದರ ಕಾರಣವೇ ಹೆಚ್ಚು ಸ್ವಾರಸ್ಯಕರ. ಕೆಲವೇ ಮೀಟರುಗಳಲ್ಲಿ ನೀರು ಕೆಂಪು ಬಣ್ಣವನ್ನು ನುಂಗಿಬಿಡುತ್ತದೆ. ನಮ್ಮ ಮಿದುಳು ಆ ಕೊರತೆಯನ್ನು ತಕ್ಕಮಟ್ಟಿಗೆ ತುಂಬಿಕೊಳ್ಳುತ್ತದೆ. ಕ್ಯಾಮೆರಾ ಇದ್ದುದನ್ನು ಇದ್ದಂತೆಯೇ ಬರೆದುಕೊಳ್ಳುತ್ತದೆ. ಮುಖಗವಸಿನ ಗಾಜಿನ ಮೂಲಕ ಮೀನು ಇರುವುದಕ್ಕಿಂತ ಹತ್ತಿರದಲ್ಲಿಯೂ ದೊಡ್ಡದಾಗಿಯೂ ತೋರುವುದರಿಂದ ನಾವು ದೂರದಲ್ಲೇ ನಿಂತು ಕ್ಲಿಕ್ಕಿಸುತ್ತೇವೆ. ಹತ್ತಿರ ಸಾಗಬೇಕು, ಬೆಳಕನ್ನು ಜೊತೆಗೊಯ್ಯಬೇಕು. ಬುತಾನರ ಕಾಲದಿಂದ ಇಂದಿನವರೆಗೂ ಉಪಾಯ ಇಷ್ಟೇ.

ನಮ್ಮಲ್ಲಿ ಅನೇಕರು ಕರ್ನಾಟಕದ ಕಡಲಡಿಯನ್ನು ಮೊದಲು ಕಂಡದ್ದು ಅಮೋಘವರ್ಷರು ನಿರ್ದೇಶಿಸಿದ ‘ಗಂಧದ ಗುಡಿ’ಯಲ್ಲಿ. ಪುನೀತ್ ರಾಜ್‌ಕುಮಾರ್ ಅವರು ನೇತ್ರಾಣಿಯ ನೀರಿಗಿಳಿದ ಆ ದೃಶ್ಯಗಳು 2022ರ ಅಕ್ಟೋಬರ್ 28ರಂದು, ಅವರು ತೀರಿಕೊಂಡು ವರ್ಷ ತುಂಬುವ ಹಿಂದಿನ ದಿನ, ತೆರೆಗೆ ಬಂದವು. ಅಂದು ಕಣ್ಣೊರೆಸಿಕೊಂಡ ಮಕ್ಕಳೇ ಇಂದು ಅಲ್ಲಿಗೆ ಹೋಗಬೇಕೆಂದು ಹಟ ಹಿಡಿಯುತ್ತಾರೆ.

ಹೋಗಲಿ. ಆದರೆ ದಡದ ಮೇಲೆ ಕ್ಯಾಮೆರಾ ಅಲುಗದಿರಲೆಂದು ಉಸಿರು ಬಿಗಿಹಿಡಿಯುವ ಅಭ್ಯಾಸ ನಮಗೆಲ್ಲರಿಗೂ ಉಂಟು. ಹತ್ತು ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿಯಾಗಿರುತ್ತದೆ. ಅಲ್ಲಿ ಸಿಲಿಂಡರಿನ ಗಾಳಿಯನ್ನು ಎಳೆದುಕೊಂಡು, ಉಸಿರು ಹಿಡಿದೇ ಮೇಲೇರಿದರೆ ಶ್ವಾಸಕೋಶ ಹರಿಯಬಹುದು. ಆದುದರಿಂದ ಮೊದಲ ಸಲ ಇಳಿಯುವ ಮಕ್ಕಳ ಕೈಗೆ ಕ್ಯಾಮೆರಾ ಕೊಡಬೇಡಿರಿ. ಚಿತ್ರವನ್ನು ಜೊತೆಯ ತರಬೇತುದಾರರು ತೆಗೆಯಲಿ.