ಹೆಸರೇ ಅಪರಾಧವಾ? ರೋಮ್‌ನ ಒಂದು ಪತ್ರ, ಬೆಳಗೊಳದ ಒಂದು ಕಲ್ಲು

ಸೋಮನಾಥಪುರಕ್ಕೆ ಹೋದರೆ ಕೇಶವ ಗುಡಿ ಮುಂದೆ ಸೆಲ್ಫಿ ತಗೊಂಡು ಬರ್ತೀವಿ. ಬಾಗಿಲ ಹತ್ತಿರದ ಶಾಸನದ ಕಲ್ಲನ್ನ ನೋಡೋರು ಕಡಿಮೆ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 13ನೇ ಶತಮಾನದಲ್ಲಿ ಗುಡಿ ಕಟ್ಟಿಸಿ ದತ್ತಿ ಬಿಟ್ಟ ವಿವರ ಅದರಲ್ಲಿದೆ. ಅಧಿಕಾರದಲ್ಲಿರೋರು ತಮ್ಮ ದೇವರಿಗೆ ಕೊಡೋದು ಸುಲಭ. ಬೇರೆ ನಂಬಿಕೆಯವರು ಎದುರು ಬಂದು ನಿಂತಾಗ?

ಮೊದಲು ರೋಮ್‌ಗೆ ಹೋಗೋಣ. ಕ್ರಿ.ಶ. 112ರ ಸುಮಾರು. ಈಗಿನ ಉತ್ತರ ಟರ್ಕಿಯಲ್ಲಿದ್ದ ಪ್ರಾಂತ್ಯಕ್ಕೆ ಪ್ಲಿನಿ ಅನ್ನೋನು ಗವರ್ನರ್. ಅವನ ಮುಂದೆ ಕ್ರೈಸ್ತರನ್ನ ತಂದು ನಿಲ್ಲಿಸ್ತಾರೆ. "ನೀನು ಕ್ರೈಸ್ತನಾ?" ಅಂತ ಮೂರು ಸಲ ಕೇಳ್ತಾನೆ. ಹೌದು ಅಂತ ಪಟ್ಟು ಹಿಡಿದವರಿಗೆ ಮರಣದಂಡನೆ. ಅಲ್ಲ ಅಂದವರು ಚಕ್ರವರ್ತಿಯ ಪ್ರತಿಮೆಗೆ ಧೂಪ, ದ್ರಾಕ್ಷಾರಸ ಅರ್ಪಿಸಿ ಕ್ರಿಸ್ತನನ್ನ ಶಪಿಸಿದರೆ ಬಿಡುಗಡೆ. ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಟ್ಟರೂ ಅವನಿಗೆ ಮೂಢನಂಬಿಕೆ ಬಿಟ್ಟು ಬೇರೆ ಅಪರಾಧ ಕಾಣಲಿಲ್ಲ.

ಆಗ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೀತಾನೆ: ಆ ಹೆಸರೇ ಅಪರಾಧವೋ, ಅವರು ಮಾಡಿದ ಕೆಲಸ ಅಪರಾಧವೋ? ಟ್ರಾಜನ್ ಉತ್ತರ: ಹುಡುಕಿಕೊಂಡು ಹೋಗಬೇಡ. ದೂರು ಬಂದು ಸಾಬೀತಾದರೆ ಶಿಕ್ಷಿಸು. ಹೆಸರಿಲ್ಲದ ದೂರು ಮಾತ್ರ ತಗೋಬೇಡ.

ಒಳ್ಳೆ ಮಾತೇ, ಆದರೆ ಎಡವಟ್ಟಿದೆ. ಮುಂದೆ ಟೆರ್ಟುಲಿಯನ್ ಅನ್ನೋ ಕ್ರೈಸ್ತ ಲೇಖಕ ಅದನ್ನೇ ಹಿಡಿದ: ತಪ್ಪಿತಸ್ಥರಾದರೆ ಯಾಕೆ ಹುಡುಕಲ್ಲ? ಅಲ್ಲದಿದ್ದರೆ ಯಾಕೆ ಶಿಕ್ಷೆ? ಕ್ರೈಸ್ತರ ಜೀವ ಅಕ್ಕಪಕ್ಕದವರ ಬಾಯಲ್ಲಿತ್ತು. 313ರಲ್ಲಿ ಕಾನ್‌ಸ್ಟಂಟೈನ್ ಮತ್ತು ಲಿಸಿನಿಯಸ್ ಎಲ್ಲರಿಗೂ ಆರಾಧನೆಯ ಸ್ವಾತಂತ್ರ್ಯ ಕೊಟ್ಟರು. 380ರಲ್ಲಿ ಕ್ರೈಸ್ತ ಧರ್ಮವೇ ಸಾಮ್ರಾಜ್ಯದ ಧರ್ಮವಾಯ್ತು. ಆಮೇಲೆ ಹಳೇ ದೇವರುಗಳನ್ನ ಪೂಜಿಸೋರು ಭಯಪಡೋ ಸರದಿ. ಕೋಲು ಕೈ ಬದಲಾಯಿಸ್ತು, ಅಷ್ಟೇ.

ಈಗ ನಮ್ಮ ಕಡೆ ಬನ್ನಿ. 1368, ವಿಜಯನಗರ. ವೈಷ್ಣವರಿಂದ ಅನ್ಯಾಯ ಆಗ್ತಿದೆ ಅಂತ ಜೈನರು ಬುಕ್ಕರಾಯನ ಹತ್ತಿರ ದೂರು ತಂದರು. ರಾಜ ಜೈನರ ಕೈಯನ್ನ ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ ಅಂದ. ಜೈನರ ವಾದ್ಯ, ಕಲಶಗಳ ಹಕ್ಕು ಮೊದಲಿನಂತೆ ಉಳೀತು. ಇದು ಶ್ರವಣಬೆಳಗೊಳದ ಶಾಸನದಲ್ಲಿದೆ.

ಹಾಗಂತ ಇದು ಇವತ್ತಿನ ಅರ್ಥದ ಸಮಾನತೆ ಅಲ್ಲ. ಬೆಳಗೊಳದಲ್ಲಿ 20 ಕಾವಲುಗಾರರನ್ನಿಡೋಕೆ ಜೈನರ ಮನೆಮನೆಯಿಂದ ವರ್ಷಕ್ಕೊಂದು ಹಣ ಎತ್ತಬೇಕಿತ್ತು. ಉಳಿದದ್ದರಲ್ಲಿ ಬಸದಿಗಳಿಗೆ ಸುಣ್ಣ. ರಕ್ಷಣೆಯ ಖರ್ಚು ಅನ್ಯಾಯಕ್ಕೆ ಒಳಗಾದವರದ್ದೇ!

ಆದರೂ ವ್ಯತ್ಯಾಸ ನೋಡಿ. ಪ್ಲಿನಿ ಕೇಳಿದ್ದು "ನೀನು ಯಾರು?" ಅಂತ. ಬುಕ್ಕನ ಮುಂದಿದ್ದ ಪ್ರಶ್ನೆ "ನಿನಗೆ ಏನಾಯ್ತು?" ಅನ್ನೋದು. ಮುಂದಿನ ಸಲ ಯಾರದೋ ಹೆಸರು ಬರೆದ, ಕಳಿಸಿದವರ ಹೆಸರಿಲ್ಲದ ಫಾರ್ವರ್ಡ್ ಬಂದಾಗ, 1,900 ವರ್ಷದ ಹಿಂದೆ ಟ್ರಾಜನ್ ಕೂಡ ಅಂಥದ್ದನ್ನ ಬೇಡ ಅಂದಿದ್ದ ಅಂತ ನೆನಪಿರಲಿ.

ಮತ್ತೆ ಸಿಗೋಣ.